ಮರ ನುಂಗಿದ ಮೊಳೆ

ಮಂಗಳವಾರ ಬೆಳಿಗ್ಗೆ 9.40ಕ್ಕೆ ಪ್ಲೈವುಡ್ ಕಾರ್ಖಾನೆಯ ಮ್ಯಾನೇಜರ್ ಠಾಣೆಗೆ ಬಂದ. ಬರುವಾಗ ಎರಡು ಲಾರಿ ತುಂಬ ಕೆಲಸಗಾರರನ್ನೂ ಕರೆತಂದಿದ್ದ. ಅವರು ಗೇಟಿನ ಹೊರಗೆ ನಿಂತು, ಫಾರೆಸ್ಟ್ ಗಾರ್ಡನ್ನು ಹಿಡಿದು ತಂದು ತಮ್ಮ ಕೈಗೆ ಕೊಡಬೇಕೆಂದು ಬೊಬ್ಬೆ ಹೊಡೆಯುತ್ತಿದ್ದರು.

ದೂರು ಟೈಪ್ ಮಾಡಿಯೇ ತಂದಿದ್ದ. ಸೋಮವಾರ ಸಂಜೆ 4.15ಕ್ಕೆ ದಿಮ್ಮಿ ಸೀಳುತ್ತಿದ್ದಾಗ ಗರಗಸದ ಬ್ಲೇಡು ಒಳಗಿದ್ದ ಕಬ್ಬಿಣಕ್ಕೆ ತಗುಲಿ ತುಂಡಾಗಿದೆ. ಚೂರು ಸಿಡಿದು ಗರಗಸದವನ ಎಡಗಣ್ಣು ಹೋಗಿದೆ. ಕಾರ್ಖಾನೆಯ ಮೇಲೆ ಹಳೇ ದ್ವೇಷವಿರುವ ಫಾರೆಸ್ಟ್ ಗಾರ್ಡ್ ದಿಮ್ಮಿಗೆ ಮೊಳೆ ಹೊಡೆದಿದ್ದಾನೆಂದು ಬಲವಾದ ಅನುಮಾನ.

ಇನ್ಸ್‌ಪೆಕ್ಟರ್ ಕೊನೆಯ ಸಾಲು ಎರಡು ಸಲ ಓದಿದ.

"ಗಾಯ ಆದವನು ಆ ಗಾರ್ಡಿನ ತಮ್ಮ ಅಲ್ವಾ?"

"ಸ್ವಂತ ತಮ್ಮ."

"ತಮ್ಮನ ಕಣ್ಣು ತೆಗೀತಾನಾ?"

"ತಮ್ಮ ನಮ್ಮಲ್ಲಿ ಕೆಲಸಕ್ಕೆ ಸೇರಿದ್ಮೇಲೆ ಅವರಿಬ್ಬರಿಗೂ ಮಾತೇ ಇಲ್ಲ ಸಾರ್. ಆರು ವರ್ಷ ಆಯ್ತು."

10.20ಕ್ಕೆ ಎಫ್‌ಐಆರ್ ದಾಖಲಾಯಿತು. ಅಪಘಾತವೆಂದರೆ ಕಾರ್ಖಾನೆ ತಪಾಸಣೆಯವರು ಬಂದು ಬ್ಲೇಡಿಗೆ ಜಾಲರಿ ಯಾಕೆ ಹಾಕಿಸಿಲ್ಲ ಎಂದು ಜೀವ ತಿನ್ನುತ್ತಾರೆ. ಯಾರೋ ಬೇಕೆಂದು ಮಾಡಿದ್ದು ಎಂದರೆ ಪೊಲೀಸರು ಬರುತ್ತಾರೆ. ಮ್ಯಾನೇಜರಿಗೆ ಪೊಲೀಸರೇ ವಾಸಿ ಅನಿಸಿತ್ತು. ಪೊಲೀಸರ ಬಗ್ಗೆ ಊರಿಗೆ ಎಂಥ ಅಭಿಪ್ರಾಯ ಇದೆಯೆನ್ನುವುದಕ್ಕೆ ಬೇರೆ ಪುರಾವೆ ಬೇಕಿಲ್ಲ.

ಗಾರ್ಡನ್ನು ಹಿಂಬಾಗಿಲಿನಿಂದ ಒಳಗೆ ತಂದರು. ಆದರೂ ಒಂದು ಕಲ್ಲು ಬಂದು ಕಾನ್ಸ್‌ಟೇಬಲ್ ಒಬ್ಬನ ಭುಜಕ್ಕೆ ಬಿತ್ತು. ಠಾಣೆಯಲ್ಲೂ ಆ ಗಾರ್ಡನ್ನು ಕಂಡರೆ ಯಾರಿಗೂ ಆಗುತ್ತಿರಲಿಲ್ಲ. ಹಿಂದೊಮ್ಮೆ ಪೊಲೀಸ್ ಕ್ವಾರ್ಟರ್ಸಿಗೆ ಬರುತ್ತಿದ್ದ ಸೌದೆ ಗಾಡಿಯನ್ನೇ ತಡೆದು ಕೇಸು ಹಾಕಿದ್ದ ಆಸಾಮಿ. ವಯಸ್ಸು ನಲವತ್ತೆಂಟು. ತಲೆಗೂದಲು ಒಂದು ಕಡೆ ಮೋಟು, ಇನ್ನೊಂದು ಕಡೆ ಉದ್ದ.

"ಕ್ಷೌರದಂಗಡಿ ಇಲ್ವೇನೋ ಊರಲ್ಲಿ?" ಎಂದು ಹೆಡ್ ಕಾನ್ಸ್‌ಟೇಬಲ್ ಕೆಣಕಿದ. ಅವನಿಗೆ ಠಾಣೆಯಲ್ಲಿ ಪಂಚನಾಮೆ ಮಾಮ ಎಂದೇ ಹೆಸರು; ಕಳುವಾದ ಸೈಕಲ್ಲಿಗೂ ನಾಲ್ಕು ಪುಟ ಪಂಚನಾಮೆ ಬರೆಯುತ್ತಿದ್ದ.

"ಹೆಂಡ್ತಿ ಕತ್ತರಿಸ್ತಾಳೆ. ಅಂಗಡಿಯವನು ನನ್ನ ಕೂರಿಸಿಕೊಳ್ತಿರ್ಲಿಲ್ಲ. ಈಗ ಕರೀತಾನೆ. ಅಭ್ಯಾಸ ತಪ್ಪಿಹೋಗಿದೆ," ಎಂದ ಗಾರ್ಡ್.

ಈಗ ಯಾಕೆ ಕರೆಯುತ್ತಾನೆ ಎಂದು ಆಗ ಯಾರೂ ಕೇಳಲಿಲ್ಲ. ಕೇಳಿದ್ದರೆ ಒಂದು ದಿನದ ಓಡಾಟ ಉಳಿಯುತ್ತಿತ್ತು.

"ದಿಮ್ಮಿಗೆ ಮೊಳೆ ಹೊಡೆದ್ಯಾ?" ಇನ್ಸ್‌ಪೆಕ್ಟರ್ ಕೇಳಿದ.

"ಇಲ್ಲ."

"ಭಾನುವಾರ ಎಲ್ಲಿದ್ದೆ?"

"ಮನೇಲಿ. ತಮ್ಮ ಊಟಕ್ಕೆ ಬಂದಿದ್ದ."

"ಯಾವ ತಮ್ಮ? ಮಾತೇ ಇಲ್ಲವಂತಲ್ಲ?"

"ಐದು ತಿಂಗಳಿಂದ ಬರ್ತಿದ್ದಾನೆ. ಪ್ರತಿ ಭಾನುವಾರ." ಗಾರ್ಡ್ ಮೇಜಿನ ಕಡೆ ಬಾಗಿದ. "ಸಾರ್, ಅವನ ಇನ್ನೊಂದು ಕಣ್ಣು ಉಳಿಯುತ್ತಂತಾ? ಆಸ್ಪತ್ರೆ ಒಳಗೆ ನನ್ನ ಬಿಡ್ತಿಲ್ಲ."

ಮ್ಯಾನೇಜರ್ ಸುಳ್ಳು ಹೇಳಿದ್ದ. ಇನ್ಸ್‌ಪೆಕ್ಟರ್ ಟೋಪಿ ಹಾಕಿಕೊಂಡು ಜೀಪು ಹತ್ತಿದ.

12.10ಕ್ಕೆ ಕಾರ್ಖಾನೆಯಲ್ಲಿ ಪಂಚನಾಮೆ ಶುರುವಾಯಿತು. ಅಂಚೆ ಕಚೇರಿಯ ಗುಮಾಸ್ತನೂ ಅಗ್ನಿಶಾಮಕದ ಚಾಲಕನೂ ಪಂಚರು. ಶೆಡ್ಡಿನಲ್ಲಿ ಅಂಟಿನ ಘಾಟು, ಕಾಲು ಹೂತುಹೋಗುವಷ್ಟು ಹೊಟ್ಟು. ಗರಗಸದ ಮೇಜಿನ ಮೇಲೆ ಅರ್ಧ ಸೀಳಿದ ದಿಮ್ಮಿ ಹಾಗೇ ಇತ್ತು. ಇಬ್ಬರು ತಬ್ಬಿದರೂ ಕೈ ಸೇರದಷ್ಟು ದಪ್ಪ. ರಕ್ತದ ಮೇಲೆ ಯಾರೋ ಹೊಟ್ಟು ಸುರಿದಿದ್ದರು. ಕೆಲಸಗಾರರು ಸುತ್ತ ನಿಂತು ಗುರುಗುಟ್ಟುತ್ತಿದ್ದರು. ಒಬ್ಬ ಇನ್ಸ್‌ಪೆಕ್ಟರನ ಬೂಟಿನ ಪಕ್ಕಕ್ಕೆ ಉಗುಳಿದ.

ಪಂಚನಾಮೆ ಮಾಮ ಉಳಿ ಹಿಡಿದು ಕೂತ. ಮೊಳೆಯ ತಲೆ ಮೇಲೆ ಕಾಣಬೇಕಿತ್ತು, ಕಾಣಲಿಲ್ಲ. ತೊಗಟೆ ಕೆತ್ತಿದ, ಬರೀ ಮರ. ಇನ್ನೂ ಕೆತ್ತಿದ. ನಾಲ್ಕು ಬೆರಳು ಆಳಕ್ಕೆ ಹೋದ ಮೇಲೆ ಕಬ್ಬಿಣ ಸಿಕ್ಕಿತು, ಸುತ್ತ ಮರವೆಲ್ಲ ಕಪ್ಪಾಗಿತ್ತು.

"ಸಾರ್, ಇದು ನಿನ್ನೆ ಮೊನ್ನೆ ಹೊಡೆದದ್ದಲ್ಲ. ಮೊಳೆ ಹೊಡೆದ ಮೇಲೆ ಮರ ಬೆಳೆದಿದೆ. ಬೆಳೀತಾ ಬೆಳೀತಾ ಮೊಳೆಯನ್ನ ನುಂಗಿದೆ."

ಮೊಳೆಯ ತಲೆಗೆ ಅಂಟಿಕೊಂಡು ಒಂದು ಅಲ್ಯೂಮಿನಿಯಂ ಬಿಲ್ಲೆ ಇತ್ತು. ಮಾಮ ಎಂಜಲು ಹಚ್ಚಿ ಒರೆಸಿದ. ಸರ್ಕಾರದ ಮುದ್ರೆ, ಅದರ ಕೆಳಗೆ ಅಂಕಿ: 4117.

ಇನ್ಸ್‌ಪೆಕ್ಟರ್ ಮ್ಯಾನೇಜರನ ಕಡೆ ತಿರುಗಿದ. "ಈ ದಿಮ್ಮಿ ಎಲ್ಲಿಂದ ಬಂತು?"

"ಖಾಸಗಿ ತೋಟದ್ದು ಸಾರ್. ಪರ್ಮಿಟ್ ಇದೆ."

"ಖಾಸಗಿ ತೋಟದ ಮರಕ್ಕೆ ಸರ್ಕಾರ ಯಾಕಪ್ಪ ನಂಬರ್ ಹೊಡೆಯುತ್ತೆ?"

ಮ್ಯಾನೇಜರ್ ದಿಮ್ಮಿಯಿಂದ ಒಂದು ಹೆಜ್ಜೆ ಹಿಂದೆ ಸರಿದ. ತಾನೇ ಪೊಲೀಸರನ್ನು ಕರೆದು, ತಾನೇ ದಿಮ್ಮಿ ತೋರಿಸಿ, ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕಿಕೊಂಡಿದ್ದ. ಪಂಚನಾಮೆ ಒಂಬತ್ತು ಪುಟವಾಯಿತು. ಅಂದು ಮಾತ್ರ ಯಾರೂ ಮಾಮನನ್ನು ಗೇಲಿ ಮಾಡಲಿಲ್ಲ.

3.30ಕ್ಕೆ ಅರಣ್ಯ ಕಚೇರಿ. ರೇಂಜರ್ ಗೊಣಗುತ್ತಲೇ ಎರಡು ರಿಜಿಸ್ಟರ್ ತೆಗೆದ. ಕಾರ್ಖಾನೆಗಳು ಕೆಳಗಿನ ಇಳಿಜಾರನ್ನೆಲ್ಲ ಬೋಳಿಸಿದ ಮೇಲೆ, ಹದಿನೆಂಟು ವರ್ಷದ ಹಿಂದೆ, ಸರ್ಕಾರ ಕಾಡಿನ ಮೂರನೇ ಬ್ಲಾಕಿನಲ್ಲಿ ಕೊಡಲಿ ಹಾಕಕೂಡದೆಂದು ಆದೇಶ ಹೊರಡಿಸಿ ಪ್ರತಿ ದೊಡ್ಡ ಮರಕ್ಕೂ ಸಂಖ್ಯೆ ಕೊಟ್ಟಿತ್ತು. ಹಳೇ ಬಿಲ್ಲೆಗಳನ್ನು ಮರಗಳು ನುಂಗಿದವೆಂದು ನಾಲ್ಕು ವರ್ಷದ ಹಿಂದೆ ಹೊಸ ಬಿಲ್ಲೆ ಹೊಡೆಸಿದ್ದರು. ಮರ ಸಂಖ್ಯೆ 4117, ಬ್ಲಾಕ್ ಮೂರು. ಹದಿನೆಂಟು ವರ್ಷದ ಹಿಂದೆ ಮೊಳೆ ಹೊಡೆದವನು: ಠಾಣೆಯಲ್ಲಿ ಕೂತಿದ್ದ ಗಾರ್ಡೇ, ಸಹಿ ಇದೆ. ಕಳೆದ ತಿಂಗಳ ಪರಿಶೀಲನೆ: 'ಮರ ನಿಂತಿದೆ'. ಅದಕ್ಕೂ ಅದೇ ಗಾರ್ಡಿನ ಸಹಿ.

"ನೀವು ಹೋಗಿ ನೋಡ್ಲಿಲ್ವಾ?"

"ಅವನ ಮಾತಿನ ಮೇಲೆ ಮಾತಿಲ್ಲ ಸಾರ್. ಮಹಾ ನಿಯತ್ತಿನವನು. ಎರಡು ಸಲ ಏಟು ತಿಂದು ಆಸ್ಪತ್ರೆ ಸೇರಿದ್ರೂ ಒಂದು ರೆಂಬೆ ಬಿಟ್ಟುಕೊಟ್ಟಿರ್ಲಿಲ್ಲ."

"ಏಟು ತಿಂದಾಗ ನೀವು ನೋಡೋಕೆ ಹೋಗಿದ್ರಾ?"

ರೇಂಜರ್ ರಿಜಿಸ್ಟರಿನ ಧೂಳು ಒರೆಸತೊಡಗಿದ.

ಬುಧವಾರ ಬೆಳಿಗ್ಗೆ 7ಕ್ಕೆ ಮೂರನೇ ಬ್ಲಾಕಿಗೆ ಹೋದರು. ಹೊರಗಿನಿಂದ ಕಾಡು ದಟ್ಟವಾಗಿಯೇ ಕಾಣುತ್ತಿತ್ತು. ಇನ್ನೂರು ಹೆಜ್ಜೆ ಒಳಗೆ ನಡೆದರೆ ತಲೆಯ ಮೇಲೆ ಬಯಲಿನ ಹಾಗೆ ಆಕಾಶ. ಕಡಿದ ಮರಗಳ ಬುಡಗಳ ಮೇಲೆ ಮಣ್ಣು, ಎಲೆ ಮುಚ್ಚಿದ್ದರು. ಎಣಿಸಿದಾಗ ಅರವತ್ತಮೂರು. ಲಾರಿಯ ಗಾಲಿ ಗುರುತುಗಳ ಫೋಟೊ ತೆಗೆದರು. ಪಂಚನಾಮೆ ಮಾಮ ಒಂದು ಬುಡದ ಮೇಲೆ ಕೂತು ಬರೆಯಲು ಹೋದವನು ಯಾಕೋ ಎದ್ದು ನಿಂತೇ ಬರೆದ.

11.30ಕ್ಕೆ ಗಾರ್ಡಿನ ಮುಂದೆ ಬಿಲ್ಲೆ ಇಟ್ಟರು. ಅವನು ಅದನ್ನು ಮುಟ್ಟಲಿಲ್ಲ.

"ಇದು ನಾನೇ ಹೊಡೆದಿದ್ದು," ಎಂದ. "ಹೊಸ ಬಿಲ್ಲೆ ಎಲ್ಲ ಕಿತ್ತಿದ್ದೆ. ಒಳಗಿನದು ನೆನಪೇ ಆಗಲಿಲ್ಲ. ಅಯ್ಯೋ, ನೆನಪೇ ಆಗಲಿಲ್ಲ ಸಾರ್!" ಎನ್ನುತ್ತ ತಲೆ ಚಚ್ಚಿಕೊಂಡ. ಕಾನ್ಸ್‌ಟೇಬಲ್ ಅವನ ಕೈ ಹಿಡಿಯಬೇಕಾಯಿತು.

"ಎಷ್ಟು ತಗೊಂಡೆ?"

"ಒಂದು ಕಾಸೂ ಇಲ್ಲ."

"ಕಿವಿ ಮೇಲೆ ಹೂ ಇಡಬೇಡ. ಅರವತ್ತಮೂರು ಮರ ಪುಕ್ಕಟೆ ಕೊಟ್ಯಾ?"

"ಆರು ವರ್ಷ ಸಾರ್. ಹಾಲು ಮಾರೋನು ನಮ್ಮ ಬಾಗಿಲು ಬಿಟ್ಟು ಮುಂದೆ ಹೋಗೋನು. ನಲ್ಲಿ ಹತ್ರ ನನ್ನ ಹೆಂಡ್ತಿ ಕೊಡ ಇಟ್ರೆ ಉಳಿದವರು ಕೊಡ ತಗೊಂಡು ಹೋಗೋರು. ಅವಳ ತಾಯಿ ತೀರಿಕೊಂಡಾಗ ಹೆಣ ಹೊರೋಕೆ ನಾಲ್ಕು ಜನ ಸಿಗಲಿಲ್ಲ. ನಾನೂ ಆಸ್ಪತ್ರೆ ಆಳೂ ಗಾಡೀಲಿ ಹಾಕ್ಕೊಂಡು ಹೋದ್ವಿ. ಕಾರ್ಖಾನೆಯಿಂದಲೇ ಊರು ಉಣ್ಣೋದು, ಕಾರ್ಖಾನೆ ಹೇಳಿದ ಹಾಗೆ ಕೇಳ್ತು. ಕೊನೆಗೆ ಮ್ಯಾನೇಜರ್ ಬಂದು ಹೇಳ್ದ, 'ಮೂರನೇ ಬ್ಲಾಕಿನ ಕಡೆ ನೀನು ನೋಡ್ಬೇಡ, ಊರು ನಿನ್ನ ಕಡೆ ನೋಡುತ್ತೆ' ಅಂತ. ಮಾರನೇ ಭಾನುವಾರವೇ ತಮ್ಮ ಬಂದ."

ಮಧ್ಯಾಹ್ನ 1.15ಕ್ಕೆ ಗಾರ್ಡಿನ ಬಂಧನ, 2 ಗಂಟೆಗೆ ಮ್ಯಾನೇಜರನ ಬಂಧನ. ಮ್ಯಾನೇಜರ್ ಎಲ್ಲವನ್ನೂ ಅಲ್ಲಗಳೆದ. ಗಾರ್ಡ್ ಯಾರೆಂದೇ ತನಗೆ ಸರಿಯಾಗಿ ಗೊತ್ತಿಲ್ಲ ಎಂದ. ಬಂಧನದ ಸುದ್ದಿಯನ್ನು ಯಾರಿಗೆ ತಿಳಿಸಬೇಕೆಂದು ಕೇಳಿದರೆ ಗಾರ್ಡ್ ತಮ್ಮನ ಹೆಸರು ಹೇಳಿದ.

ಇನ್ಸ್‌ಪೆಕ್ಟರ್ 4 ಗಂಟೆಗೆ ಆಸ್ಪತ್ರೆಗೆ ಹೋದ. ತಮ್ಮನ ಅರ್ಧ ಮುಖಕ್ಕೆ ಬ್ಯಾಂಡೇಜ್. ಅಣ್ಣನ ಬಂಧನದ ಕಾಗದವನ್ನು ಒಂದೇ ಕಣ್ಣಿನಲ್ಲಿ ನಿಧಾನಕ್ಕೆ ಓದಿ ಸಹಿ ಹಾಕಿದ.

"ಅಣ್ಣ ಮಾಡಿದ್ದು ನಿನಗೆ ಗೊತ್ತಿತ್ತಾ?"

"ಸೀಳ್ತಾ ಇದ್ದದ್ದು ನಾನೇ ಅಲ್ವಾ ಸಾರ್? ಎಲ್ಲಿಯ ಮರ ಅಂತ ಗೊತ್ತಾಗುತ್ತೆ."

"ಆರು ವರ್ಷ ಬಿಟ್ಟು ಈಗ್ಯಾಕೆ ಮನೆಗೆ ಹೋದೆ?"

ತಮ್ಮ ಪೆನ್ನು ಹಿಂದಕ್ಕೆ ಕೊಟ್ಟ. "ಮ್ಯಾನೇಜರ್ ಹೋಗು ಅಂದ್ರು, ಹೋದೆ. ಪ್ರತಿ ಸೋಮವಾರ ಕರೆದು ಕೇಳೋರು, 'ನಿನ್ನೆ ಹೋಗಿದ್ಯಾ, ಅಣ್ಣ ಏನಂದ' ಅಂತ. ಹೋಗದಿದ್ರೆ ಕೆಲಸ ಇಲ್ಲ ಅಂದಿದ್ರು. ಅಣ್ಣನಿಗೆ ಇದು ಹೇಳ್ಬೇಡಿ ಸಾರ್. ನಿಮ್ಮ ಕಾಲು ಹಿಡ್ಕೋತೀನಿ."

ಇನ್ಸ್‌ಪೆಕ್ಟರ್ ಹೇಳಿಕೆ ಬರೆದುಕೊಂಡ. ಮ್ಯಾನೇಜರನನ್ನು ಗಾರ್ಡಿನ ಮನೆಯವರೆಗೆ ಎಳೆದು ತರುವ ಸಾಕ್ಷ್ಯ ಬೇರೆ ಇರಲಿಲ್ಲ, ಇದನ್ನು ಬಿಟ್ಟುಬಿಟ್ಟರೆ ಅವನು ಕೈ ತೊಳೆದುಕೊಂಡು ಹೋಗುತ್ತಿದ್ದ. ಆರೋಪಪಟ್ಟಿ ಸಲ್ಲಿಸಿದ ಮೇಲೆ ಹೇಳಿಕೆಯ ಪ್ರತಿ ಪ್ರತಿಯೊಬ್ಬ ಆರೋಪಿಗೂ ಕೊಡಬೇಕು. ಗಾರ್ಡೂ ಆರೋಪಿಯೇ.

ಗುರುವಾರ ಬೆಳಿಗ್ಗೆ 9ಕ್ಕೆ, ನ್ಯಾಯಾಲಯಕ್ಕೆ ಕರೆದೊಯ್ಯುವ ಮುಂಚೆ, ಇನ್ಸ್‌ಪೆಕ್ಟರ್ ಲಾಕಪ್ಪಿನ ಮುಂದೆ ನಿಂತ. ಹೊರಗೆ ಮತ್ತೆ ಜನ ಸೇರಿದ್ದರು. ಕಾರ್ಖಾನೆಗೆ ಬೀಗ ಬಿದ್ದಿತ್ತು, ಅದಕ್ಕೂ ಗಾರ್ಡಿನ ಹೆಸರು ಹಿಡಿದೇ ಬೈಯುತ್ತಿದ್ದರು.

"ನಿನ್ನ ತಮ್ಮ ಹೇಳಿಕೆ ಕೊಟ್ಟಿದ್ದಾನೆ. ಮುಂದೆ ಕಾಗದದಲ್ಲಿ ಓದೋಕಿಂತ ನನ್ನ ಬಾಯಿಂದ್ಲೇ ಕೇಳಿಬಿಡು," ಎಂದು ಇನ್ಸ್‌ಪೆಕ್ಟರ್ ಎಲ್ಲವನ್ನೂ ಹೇಳಿದ.

ಗಾರ್ಡ್ ಕಂಬಿ ಹಿಡಿದುಕೊಂಡು ಕೇಳಿದ.

"ಗೊತ್ತಿತ್ತು ಸಾರ್."

"ಯಾವಾಗಿಂದ?"

"ಮೊದಲನೇ ಭಾನುವಾರದಿಂದ. ಊಟ ಮುಗಿಯೋವರೆಗೂ ತಲೆ ಎತ್ತಲಿಲ್ಲ. ಚಿಕ್ಕಂದಿನಿಂದ ಸಾಕಿದವನು ನಾನು, ಅವನಿಗೆ ಸುಳ್ಳು ಹೇಳೋಕೆ ಬರಲ್ಲ."

"ಗೊತ್ತಿದ್ದೂ ಇಷ್ಟು ಮರ ಕೊಟ್ಯಲ್ಲಯ್ಯಾ!" ಇನ್ಸ್‌ಪೆಕ್ಟರನಿಗೆ ನಿಜಕ್ಕೂ ಸಿಟ್ಟು ಬಂದಿತ್ತು.

"ಆಗಿನ್ನೂ ಏಳೋ ಎಂಟೋ ಬಿದ್ದಿದ್ವು. ಅಲ್ಲಿಗೇ ನಿಲ್ಲಿಸಬಹುದಿತ್ತು. ನಿಲ್ಲಿಸಿದ್ರೆ ಮುಂದಿನ ಭಾನುವಾರ ಅವನು ಬರ್ತಿರ್ಲಿಲ್ಲ ಸಾರ್."

ಪಂಚನಾಮೆ ಮಾಮ ಪೆನ್ನು ಹಿಡಿದುಕೊಂಡು ಪಕ್ಕದಲ್ಲೇ ನಿಂತಿದ್ದ. "ಇದನ್ನೂ ಬರೀಬೇಕಾ ಸಾರ್?" ಎಂದು ಮೆಲ್ಲಗೆ ಕೇಳಿದ.

"ಬರಿ," ಎಂದ ಇನ್ಸ್‌ಪೆಕ್ಟರ್.