ಗೋಡೆಯಿಂದ ಪ್ಲಗ್ಗು ಕಿತ್ತ ಮೇಲೆ

ರಿಪೇರಿಯವನು ಪಿಟೀಲು ಟೀಚರ ಮನೆಗೆ ಬಂದದ್ದು ಇದು ನಾಲ್ಕನೆಯ ಸಲ. ಹಾಡು ಕೇಳಲೆಂದೇ ಅವಳು ಇಟ್ಟುಕೊಂಡಿದ್ದ ಪುಟ್ಟ ಕಂಪ್ಯೂಟರಿನಲ್ಲಿ, ಹಾಡಿನ ಹಿಂದೆ ಏನೋ ಸದ್ದು. ಮೊದಲ ದಿನ ಅವನಿಗೂ ಗುಂಯ್ ಎಂದು ಕೇಳಿಸಿತ್ತು. ಕರೆಂಟಿನಿಂದ ಬರುವ ಸದ್ದೆಂದು ಅಗ್ಗದ ಅಡಾಪ್ಟರ್ ತೆಗೆದು, ಟ್ರಾನ್ಸ್‌ಫಾರ್ಮರ್ ಇರುವ ಭಾರದ ಪವರ್ ಸಪ್ಲೈ ಕೂರಿಸಿದ. ಅವನಿಗೆ ಅಡಗಿತು, ಅವಳಿಗೆ ಅಡಗಲಿಲ್ಲ. ಅವಳ ಕಿವಿ ಸೂಕ್ಷ್ಮ ಎಂದುಕೊಂಡು, ಕಳೆ ಕೀಳುವವನ ತಾಳ್ಮೆಯಲ್ಲಿ ಸಾಲು ಹಿಡಿದು ಒಂದೊಂದೇ ಕಾರಣ ಹುಡುಕಿದ. ಫ್ರಿಜ್ಜಿನ ಲೈನಿನಿಂದ ಪ್ಲಗ್ಗು ಬೇರೆ ಮಾಡಿದ. ಕಳೆದ ವಾರ, ಸದ್ದು ಹೀರಲೆಂದು ಕೇಬಲ್ಲಿಗೊಂದು ಕರಿಯ ಉಂಗುರ ತೊಡಿಸಿದ.

"ಉಂಗುರ ತೊಡಿಸೋದು ಕೇಬಲ್ಲಿಗೆ ಮಾತ್ರಾನಾ?" ಎಂದು ಅವಳ ಅತ್ತಿಗೆ ಟೀ ಲೋಟ ಇಡುತ್ತ ಕೇಳಿದ್ದಳು.

ಟೀಚರ್ ನಗು ತಡೆಯಲು ಕೆಳತುಟಿ ಕಚ್ಚಿಕೊಂಡಳು. ಅವನು ಆಗಲೇ ಬಿಗಿಯಾಗಿದ್ದ ಸ್ಕ್ರೂವನ್ನು ಮತ್ತೆ ಬಿಗಿ ಮಾಡಿದ್ದ.

ಇವತ್ತು ಅತ್ತಿಗೆ ಇರಲಿಲ್ಲ. ಅವನು ಬ್ಯಾಟರಿ ಹೊತ್ತು ತಂದಿದ್ದ. ಗೋಡೆಯಿಂದ ಪ್ಲಗ್ಗು ಕಿತ್ತು, ಎಲ್ಲವನ್ನೂ ಬ್ಯಾಟರಿಯ ಮೇಲೆ ನಡೆಸಿ ಹೆಡ್‌ಫೋನ್ ಹಾಕಿಕೊಂಡ. ಕೊಯ್ಲು ಮುಗಿದ ಹೊಲದಂಥ ಮೌನ.

"ನನ್ನ ಕೆಲಸ ಆಯ್ತು ಟೀಚರ್," ಎಂದಾಗ ಅವನ ದನಿಯಲ್ಲಿ ಗೆದ್ದ ಖುಷಿ ಇರಲಿಲ್ಲ. ಇನ್ನು ಬರಲು ನೆಪವೇನು?

ಅವಳು ಹೆಡ್‌ಫೋನ್ ಹಾಕಿಕೊಂಡು, ಕಣ್ಣು ಮುಚ್ಚಿ ಬಹಳ ಹೊತ್ತು ಕೇಳಿದಳು. "ಇದೆ. ಹಾಗೇ ಇದೆ."

ಸದ್ದು ಬರಲು ಇನ್ನು ದಾರಿಯೇ ಉಳಿದಿರಲಿಲ್ಲ, ಅವಳ ಕಿವಿಯೊಂದನ್ನು ಬಿಟ್ಟು. ಮಕ್ಕಳ ಬೆರಳು ತಂತಿಯ ಮೇಲೆ ಕೂದಲೆಳೆಯಷ್ಟು ತಪ್ಪಿದರೂ ಹಿಡಿಯುವ ಕಿವಿ. ಅವಳ ಅನ್ನ ಅದು.

"ನಿಮಗೂ ಕೇಳಿಸ್ತು ತಾನೆ, ರಿಪೇರಿಯವರೇ?"

"ಹೂಂ," ಎಂದುಬಿಟ್ಟ. "ಸಣ್ಣಗೆ. ನಾಳೆ ಬೇರೆ ಸಪ್ಲೈ ತಂದು ನೋಡ್ತೀನಿ."

"ಯಾವ ಸ್ವರದಲ್ಲಿದೆ? ಹಾಡಿ ತೋರಿಸಿ."

ಅವನು ತಬ್ಬಿಬ್ಬಾದ. ಮೊದಲ ದಿನ ಕೇಳಿದ್ದ ಗುಂಯ್ ಸದ್ದನ್ನೇ ಮೂಗಿನಲ್ಲಿ ಗುನುಗಿದ.

ಅವಳು ಹೆಡ್‌ಫೋನ್ ತೆಗೆದು ಮಡಿಲಲ್ಲಿಟ್ಟುಕೊಂಡಳು. "ನನಗೆ ಕೇಳೋದು ಇದಕ್ಕಿಂತ ಎಷ್ಟೋ ಮೇಲಿನ ಸ್ವರ," ಎಂದಳು ಮೆಲ್ಲಗೆ. "ನಿಮಗೆ ಏನೂ ಕೇಳಿಸ್ಲಿಲ್ಲ."

"ನಿಮ್ಮ ಮೇಲೆ ಮನಸ್ಸಿದೆ ಟೀಚರ್. ಅದಕ್ಕೇ ನಿಜ ಬಾಯಿಗೆ ಬರಲಿಲ್ಲ."

"ಗೊತ್ತು. ನನಗೂ ಇದೆ." ಮೊದಲ ಸಲ ಕಣ್ಣು ಕದಿಯದೆ ಅವನನ್ನು ನೋಡಿದಳು. "ಇನ್ಮೇಲೆ ನನ್ನ ಕಿವೀನ ನಾನು ನಂಬೋ ಹಾಗಿಲ್ಲ. ತಪ್ಪನ್ನ ತಪ್ಪು ಅಂತ ಹೇಳೋರೊಬ್ಬರು ಪಕ್ಕದಲ್ಲಿ ಬೇಕು. ನೀವು ಹೇಳಲ್ಲ. ನನಗೆ ನೋವಾಗ್ಬಾರ್ದು ಅಂತ ಹೂಂಗುಡ್ತಾನೇ ಇರ್ತೀರಿ."

ಇಲ್ಲ ಎನ್ನಲು ಬಾಯಿ ತೆರೆದ. ಅದನ್ನಾದರೂ ಅವಳು ಹೇಗೆ ನಂಬಿಯಾಳು ಎನಿಸಿ ಬ್ಯಾಟರಿಯ ವೈರು ಬಿಚ್ಚತೊಡಗಿದ.

ಬ್ಯಾಟರಿಯನ್ನು ಹೆಗಲಿಗೇರಿಸಿ ಬಾಗಿಲಲ್ಲಿ ನಿಂತು, "ಬರ್ತೀನಿ ಟೀಚರ್," ಎಂದ.

ಯಾವಾಗಲೂ "ಹೋಗಿ ಬನ್ನಿ" ಎನ್ನುತ್ತಿದ್ದವಳು ಕದ ಹಿಡಿದುಕೊಂಡು, "ಹುಷಾರಾಗಿ ಹೋಗಿ," ಎಂದಳಷ್ಟೇ.