ಸೊಟ್ಟ ರೆಕಾರ್ಡಿಗೊಂದು ಹಗುರ ತೋಳು

ಒಂದಾನೊಂದು ಕಾಲದಲ್ಲಿ ಒಂದು ಬೀದಿ. ಅದರ ಈ ತುದಿಯಲ್ಲಿ ಒಬ್ಬ ಹೊಲಿಗೆಯವಳು, ಆ ತುದಿಯಲ್ಲಿ ಒಬ್ಬ ರೆಕಾರ್ಡ್ ಪ್ಲೇಯರ್ ರಿಪೇರಿಯವನು. ಅವಳಿಗೆ ಮೂಗಿನ ತುದಿಯಲ್ಲೇ ಕೋಪ. ಅವನಿಗೆ ನಾಲಿಗೆಯ ತುದಿಯಲ್ಲೇ ‘ನಾಳೆ’. ಬೀದಿಯವರು ಅವನನ್ನು ಕರೆಯುತ್ತಿದ್ದದ್ದೇ ನಾಳೆಯಪ್ಪ ಅಂತ.

ಇಂಥ ಇಬ್ಬರು ಎದುರಾದರೆ ಏನಾಗುತ್ತೆ? ಜಗಳ! ಇನ್ನೇನು?

“ಇದನ್ನ ನಾನು ನೆಟ್ಟಗೆ ಮಾಡಲ್ಲ,” ಅಂದ ಅವನು, ಮೊದಲ ದಿನವೇ.

ಎಳೆಮಗುವನ್ನು ಮಲಗಿಸುವ ಹಾಗೆ ಅವಳು ಮೇಜಿನ ಮೇಲೆ ಇಟ್ಟಿದ್ದ ರೆಕಾರ್ಡು ಅದು. ಕಿಟಕಿಯ ಬಿಸಿಲಿಗೆ ಬೆಂದು ಒಂದು ಅಂಚು ಮೇಲೆದ್ದಿತ್ತು, ಇನ್ನೊಂದು ಜೋಲಿತ್ತು.

“ಯಾಕ್ರೀ ಮಾಡಲ್ಲ? ಬಿಸಿ ಮಾಡಿ ಒತ್ತಿದರೆ ಹೋಗದ ಸುಕ್ಕು ಯಾವುದಿದೆ? ನಾನು ದಿನಾ ಮಾಡೋ ಕೆಲಸಾನೇ ಅದು!”

“ಇದು ಬಟ್ಟೆ ಅಲ್ಲ ರೀ. ದನಿ ಇರೋದೇ ಈ ಗೆರೆಗಳಲ್ಲಿ. ಶಾಖ ಕೊಟ್ಟರೆ ಸೊಟ್ಟ ಹೋಗಬಹುದು, ಜೊತೆಗೆ ದನಿಯೂ ಹೋಗಬಹುದು. ನಾನು ಶಾಖ ಮುಟ್ಟಿಸಲ್ಲ.”

“ಮತ್ತೆ ಅಂಗಡಿ ಯಾಕೆ ತೆಗೆದಿಟ್ಟಿದ್ದೀರಿ? ಗಾಳಿ ಬರಲಿ ಅಂತಾನಾ?”

ಅವನು ನಕ್ಕುಬಿಟ್ಟ. ಆ ನಗುವಿಗೆ ಅವಳ ಎದೆ ಒಮ್ಮೆ ತಾಳ ತಪ್ಪಿತು... ಅದಕ್ಕೂ ಅವಳಿಗೆ ಸಿಟ್ಟು ಬಂತು!

“ನಗಬೇಡಿ. ಮದುವೆಯಾದ ಹೊಸತರಲ್ಲಿ ನಮ್ಮ ತಾತ ಅಜ್ಜಿಗೋಸ್ಕರ ಹಾಡಿದ್ದು ಇದು. ಇರೋದು ಇದೊಂದೇ. ಅಜ್ಜಿಗೆ ಕಿವಿ ಮಂದ ಆಗ್ತಾ ಇದೆ... ಪೂರ್ತಿ ಹೋಗೋ ಮುಂಚೆ ಒಂದು ಸಲ...”

ಅವನ ನಗು ನಿಂತಿತು.

“ರೆಕಾರ್ಡು ಸೊಟ್ಟಗೇ ಇರಲಿ,” ಅಂದ ಮೆಲ್ಲಗೆ. “ಮುಳ್ಳು ಹೊತ್ತಿರುತ್ತಲ್ಲ ಈ ತೋಳು, ಇದು ಭಾರ. ಉಬ್ಬು ಬಂದ ಕೂಡಲೇ ಹಾರಿಬೀಳುತ್ತೆ. ಉಬ್ಬಿನ ಜೊತೆಗೇ ಏರಿ ಇಳಿಯೋ ಹಗುರವಾದ ತೋಳು ನಾನೇ ಮಾಡ್ತೀನಿ. ಅಜ್ಜಿಗೆ ಹಾಡು ಕೇಳಿಸ್ತೀನಿ. ಮಾತು ಕೊಟ್ಟೆ.”

“ಯಾವಾಗ?”

“ನಾಳೆ...”

ಆ ನಾಳೆ ಬರಲೇ ಇಲ್ಲ. ಅವಳು ಮಾತ್ರ ದಿನಾ ಹೋದಳು, ದಿನಾ ಬೈದಳು. ಅವನು ದಿನಾ ಸ್ಟೂಲು ಒರೆಸಿ ಕೂರಿಸಿದ, ಬೈಸಿಕೊಂಡ.

“ಜಗಳಕ್ಕೆ ಹೋಗೋಳು ಇಷ್ಟು ನೀಟಾಗಿ ತಲೆ ಬಾಚ್ಕೋತಾಳೇನೇ?” ಅಂತ ಅಜ್ಜಿ ಛೇಡಿಸಿದರು.

“ಸುಮ್ಮನಿರಜ್ಜಿ!”

“ನನಗೆ ಮಂದ ಆಗಿರೋದು ಕಿವಿ ಕಣೇ, ಕಣ್ಣಲ್ಲ!”

ಒಂದು ಮಧ್ಯಾಹ್ನ ಅವಳು ದಡದಡನೆ ಮಿಷನ್ ತುಳಿಯುತ್ತಿದ್ದಳು. ಪಕ್ಕದಲ್ಲೇ ಗುಂಡಿ ಹಚ್ಚುತ್ತಿದ್ದ ಅಜ್ಜಿ ತಲೆ ಎತ್ತಿ ಕೇಳಿದರು: “ಯಾಕೆ ಮರಿ, ಮಿಷನ್ ನಿಲ್ಲಿಸಿಬಿಟ್ಟೆ?”

ಅವಳ ಕಾಲು ಇನ್ನೂ ತುಳಿಯುತ್ತಲೇ ಇತ್ತು. ನಿಲ್ಲಿಸಿರಲಿಲ್ಲ... ಅವಳು ನಿಲ್ಲಿಸಿರಲೇ ಇಲ್ಲ!

ಚಪ್ಪಲಿಯನ್ನೂ ಮೆಟ್ಟದೆ ಬೀದಿಗೆ ಓಡಿದಳು.

ಅಂಗಡಿಯಲ್ಲಿ ಅವನು ಬೆನ್ನು ಹಾಕಿ ಕೂತಿದ್ದ. ಎದುರಿಗೆ ಉರಿಯುವ ದೊಡ್ಡ ದೀಪ. ಅದರ ಕೆಳಗೆ ಯಾವುದೋ ರೆಕಾರ್ಡು! ಅವನ ಬೆರಳುಗಳು ಅದರ ಅಂಚನ್ನು ತಿದ್ದುತ್ತಿದ್ದವು. ಪಕ್ಕದಲ್ಲಿ ಕನ್ನಡಿಯಂತೆ ನೆಟ್ಟಗಿನ ರೆಕಾರ್ಡುಗಳ ರಾಶಿ. ಅವಳದು? ಚೀಲದಲ್ಲಿ, ಮೊಳೆಗೆ ನೇತುಬಿದ್ದಿತ್ತು. ಸೊಟ್ಟ ಸೊಟ್ಟಗೇ!

“ಶಾಖ ಮುಟ್ಟಿಸಲ್ಲ ಅಂದಿರಲ್ಲ? ಇದೇನು, ಬೆಳದಿಂಗಳಾ?”

ಅವನು ಬೆಚ್ಚಿ ತಿರುಗಿದ. “ಅಯ್ಯೋ, ಹಾಗಲ್ಲ. ಇವು...”

“ಊರವರದ್ದೆಲ್ಲ ನೆಟ್ಟಗಾಗಲಿ, ನಮ್ಮಜ್ಜಿದು ಮೊಳೆಗೆ ನೇತಾಡಲಿ, ಅಲ್ವಾ? ಅವರ ಕಿವಿ ನಿಮ್ಮ ಪುರುಸೊತ್ತಿಗೆ ಕಾಯುತ್ತಾ?”

“ಒಂದು ಮಾತು ಕೇಳಿ...”

“ನಾಳೆ ಹೇಳಿ!”

ಚೀಲ ಕಿತ್ತುಕೊಂಡು ಹೊರಟೇಬಿಟ್ಟಳು. ಕಣ್ಣೀರು ಮಾತ್ರ ಅವಳ ಮಾತು ಕೇಳಲಿಲ್ಲ. ‘ಇಂಥವನಿಗೆ ನಾನು ತಲೆ ಬಾಚ್ಕೊಂಡು ಹೋಗ್ತಿದ್ದೆನಾ? ಥೂ!’

ಮನೆಗೆ ಬಂದವಳೇ ಇಸ್ತ್ರಿಪೆಟ್ಟಿಗೆ ಕಾಯಿಸಿದಳು. ರೆಕಾರ್ಡಿನ ಮೇಲೆ ದಪ್ಪ ಬಟ್ಟೆ ಹಾಸಿದಳು. ಯಾರ ಹಂಗೂ ಬೇಡ, ನಾನೇ ಮಾಡ್ತೀನಿ! ಆದರೆ ಪೆಟ್ಟಿಗೆ ಎತ್ತಿದ ಕೈ ಅಲ್ಲೇ ನಿಂತಿತು. *ದನಿ ಇರೋದೇ ಈ ಗೆರೆಗಳಲ್ಲಿ...*

“ನಿಲ್ಲಿಸಿ!”

ಬಾಗಿಲಲ್ಲಿ ಅವನು. ಎದೆಗವಚಿಕೊಂಡ ರೆಕಾರ್ಡ್ ಪ್ಲೇಯರ್, ಹೆಗಲಲ್ಲಿ ಚೀಲ, ಮೈಯೆಲ್ಲ ಬೆವರು. ಎಂದೂ ದನಿ ಏರಿಸದವನ ಕಣ್ಣಲ್ಲಿ ಈಗ ಕೆಂಡ!

“ಇಸ್ತ್ರಿಪೆಟ್ಟಿಗೆ ಇಡ್ತೀರಾ ಅದರ ಮೇಲೆ? ಇಡಿ! ಮೊದಲು ಇವನ್ನ ನೋಡಿ, ಆಮೇಲೆ ಇಡಿ!”

ಚೀಲದಿಂದ ಒಂದೊಂದೇ ರೆಕಾರ್ಡು ತೆಗೆದು ಮೇಜಿನ ಮೇಲೆ ಸುರಿದ. ಎಲ್ಲವೂ ಸೊಟ್ಟ. ಅವಳದರ ಹಾಗೆಯೇ ಒಂದು ಅಂಚು ಮೇಲೆ, ಒಂದು ಕೆಳಗೆ.

“ಇವೆಲ್ಲ ನೆಟ್ಟಗಿದ್ದವು. ನನ್ನವೇ. ನಾನೇ ಸೊಟ್ಟ ಮಾಡಿದೆ!”

“ಹುಚ್ಚೇನ್ರೀ ನಿಮಗೆ?”

“ಮತ್ತೇನು, ಹೊಸ ತೋಳನ್ನ ನಿಮ್ಮ ತಾತನ ಮೇಲೇ ಪರೀಕ್ಷೆ ಮಾಡಲಾ? ಹಾರಿಬಿದ್ದು ಗೀಚಿದರೆ ಇನ್ನೊಬ್ಬ ತಾತನ್ನ ಎಲ್ಲಿಂದ ತರಲಿ? ನಿಮ್ಮದು ಎಲ್ಲೆಲ್ಲಿ ಉಬ್ಬಿದೆಯೋ ನನ್ನವನ್ನೂ ಅಲ್ಲಲ್ಲೇ ಉಬ್ಬಿಸಿದೆ. ತೋಳು ಹಾರಿತು, ಗೀಚಿತು. ಮುರಿದು ಮತ್ತೆ ಕಟ್ಟಿದೆ. ಇವತ್ತು ಬೆಳಿಗ್ಗೆ ಮೊದಲ ಸಲ ಎಲ್ಲದರ ಮೇಲೂ ಹಾರದೆ ಓಡಿತು. ಇನ್ನೊಂದೇ ಒಂದು ಸಲ ಖಾತ್ರಿ ಮಾಡ್ಕೊಳ್ಳೋಣ ಅಂತ ಮತ್ತೊಂದನ್ನ ಸೊಟ್ಟ ಮಾಡ್ತಾ ಕೂತಿದ್ದೆ! ನೀವು ನೋಡಿದ ನೆಟ್ಟಗಿನ ರಾಶಿ ನಾನಿನ್ನೂ ಮುಟ್ಟದೇ ಇದ್ದದ್ದು.”

ಅವಳು ಒಂದು ರೆಕಾರ್ಡಿನ ಮೇಲೆ ಬೆರಳಾಡಿಸಿದಳು. ಈ ಅಂಚಿನಿಂದ ಆ ಅಂಚಿಗೆ ಬಿಳಿಯ ಗಾಯ.

“ಇವು... ನಿಮಗೆ ಇಷ್ಟದ ಹಾಡುಗಳಾ?”

“ಹೌದು.”

“ಬಾಯಿ ಬಿಟ್ಟು ಹೇಳೋಕೇನಾಗಿತ್ತು?” ಸಿಟ್ಟು ಇಳಿದಿರಲಿಲ್ಲ. ಅವನನ್ನು ಬಿಟ್ಟು ಈಗ ಅವಳ ಮೇಲೇ ತಿರುಗಿತ್ತು, ಅಷ್ಟೇ.

“ಹೇಳಿದ್ರೆ ನೀವು ಮಾಡೋಕೆ ಬಿಡ್ತಿದ್ರಾ?” ಅವನ ದನಿ ತಗ್ಗಿತು. “ತಡವಾಯ್ತು, ನಿಜ. ಬೇಕಂತ ಮಾಡಿದ್ದಲ್ಲ. ಆದರೆ... ನೀವು ಬಂದು ಬೈದು ಹೋದ ಮೇಲೇ ನನ್ನ ಕೈ ಓಡ್ತಿದ್ದದ್ದು.”

“ಏನಂತೆ?” ಅಜ್ಜಿ ಜೋರಾಗಿ ಕೇಳಿದರು.

“ಏನಿಲ್ಲಜ್ಜಿ!”

“ಏನಿಲ್ಲದ್ದಕ್ಕೆ ಇಬ್ಬರ ಮುಖಾನೂ ಯಾಕೆ ಹಾಗೆ ಕೆಂಪಾಯ್ತು?”

ಅವನು ಪ್ಲೇಯರನ್ನೂ ಅದರ ಸ್ಪೀಕರನ್ನೂ ಜೋಡಿಸಿ, ತಾತನ ರೆಕಾರ್ಡು ಏರಿಸಿದ. ಬಿದಿರಿನ ಸೀಳಿನ ತೋಳು, ಹುಲ್ಲಿನಷ್ಟು ಹಗುರ. ಅದರ ಬಾಲದಲ್ಲೊಂದು ಪುಟ್ಟ ರೆಕ್ಕೆ, ಮಂದವಾದ ಎಣ್ಣೆಯ ಬಟ್ಟಲಿನಲ್ಲಿ ಮುಳುಗಿತ್ತು. “ಉಬ್ಬು ಇಳಿದ ಮೇಲೂ ತೋಳು ತೂಗಾಡಬಾರದಲ್ಲ, ಅದಕ್ಕೆ ಎಣ್ಣೆ,” ಅಂದ. “ಮುಳ್ಳು ನೀವೇ ಇಡಿ.”

ಅವಳು ತೋಳನ್ನು ಬೆರಳ ತುದಿಯಲ್ಲಿ ಎತ್ತಿದಳು. ಅವನ ಅಂಗೈ ಕೆಳಗಿನಿಂದ ಆಸರೆಯಾಯಿತು.

ಉಬ್ಬು ಬಂತು. ತೋಳು ಅಲೆಯ ಮೇಲಿನ ದೋಣಿಯ ಹಾಗೆ ಏರಿತು... ಇಳಿಯಿತು...

ಒಂದು ಕೆಮ್ಮು. ಆಮೇಲೆ ತಾತ ಹಾಡಿದರು!

ಅವನು ದನಿಯನ್ನು ಪೂರ್ತಿ ಏರಿಸಿದ. ಕಿಟಕಿಯ ಗಾಜು ಗುಂಯ್‌ಗುಟ್ಟಿತು. ಅಜ್ಜಿ ಸ್ಪೀಕರಿಗೆ ಕೆನ್ನೆ ಒತ್ತಿ ಕಣ್ಣು ಮುಚ್ಚಿದರು.

“ಎರಡನೇ ಸಾಲು ತಪ್ಪಿದರು ನೋಡು,” ಅಂದರು, ಅಳುತ್ತಾ ನಗುತ್ತಾ. “ಅವತ್ತೂ ಅಲ್ಲೇ ತಪ್ಪಿದ್ದರು!”

ಅವಳು ಅವನ ಕಿವಿಯ ಹತ್ತಿರ ಬಾಗಿದಳು. “ನಿಮಗಿಷ್ಟದ ಹಾಡೆಲ್ಲ ಹಾಳಾಯ್ತಲ್ಲ. ಇನ್ನು ಏನು ಕೇಳ್ತೀರಿ?”

“ನೀವು ಬೈಯೋದನ್ನ... ಜೀವನ ಪೂರ್ತಿ. ನಿಮಗೆ ಒಪ್ಪಿಗೆ ಇದ್ದರೆ.”

“ಅದಕ್ಕೇನು ಬರಗಾಲ ಇಲ್ಲ ಬಿಡಿ,” ಅಂದಳು. ಕೈ ಮಾತ್ರ ಅವನ ಅಂಗೈಯಲ್ಲೇ ಉಳಿಯಿತು.

“ಶ್!” ಅಜ್ಜಿ ಕಣ್ಣು ತೆರೆಯದೆಯೇ ಗದರಿದರು. “ಅವರು ಹಾಡ್ತಾ ಇದ್ದಾರೆ.”

ತೋಳು ಕೊನೆಯ ಉಬ್ಬನ್ನೂ ಏರಿ ಇಳಿದು, ಎಲ್ಲಿಯೂ ಹಾರದೆ, ಒಳಗಿನ ಕಟ್ಟಕಡೆಯ ಗೆರೆಯನ್ನು ಮುಟ್ಟಿತು.