ದುರ್ಬೀನಿಗೆ ಕಾಣದ್ದು

"ಆಯೇಶಾ ಮೇಡಂ ಹೀಂಗ ಹೇಳ್ಯಾರ" ಎಂದು ನಮ್ಮವರು ಅಂದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು.

ಹೊಂಬಳದ ಹೊಲದಲ್ಲಿ ಟ್ರ್ಯಾಕ್ಟರ್ ಹತ್ತಿ ಇಳಿದು ಅವರ ಸೊಂಟದ ಕೀಲು ಕೆಟ್ಟಿತ್ತು. ದೊಡ್ಡದಾಗಿ ಕೊಯ್ಯುವುದಿಲ್ಲ, ಎರಡು ಸಣ್ಣ ತೂತು ಮಾಡಿ ದುರ್ಬೀನು ಇಳಿಸಿ ಸರಿಪಡಿಸುತ್ತೇವೆ ಎಂದರು ಗದಗಿನ ಡಾಕ್ಟರ್ ಆಯೇಶಾ. ವಯಸ್ಸು ನನ್ನಷ್ಟೇ. ನಕ್ಕರೆ ಕೆನ್ನೆಯಲ್ಲಿ ಗುಳಿ. ಆ ಗುಳಿ ಕಂಡಾಗಿನಿಂದ ನನ್ನ ನೆಮ್ಮದಿ ಹಾಳಾಯಿತು.

"ಒಳಗಿಂದೆಲ್ಲಾ ಕಾಣತೈತಂತ" ಎಂದು ಅತ್ತೆ ಶಾರದವ್ವ ಬೆರಗಾದರು. ಮದುವೆಯಾಗಿ ಇಷ್ಟು ದಿನವಾದರೂ ನಮ್ಮವರ ಒಳಗನ್ನು ನಾನೇ ಕಂಡಿಲ್ಲ, ಈಕೆ ನೋಡುತ್ತಾಳಂತೆ.

ಮದುವೆಯ ದಿನ ಹೆಂಗಸರು ಬಾಗಿಲಿಗೆ ಅಡ್ಡ ನಿಂತು, ಒಡಪು ಕಟ್ಟಿ ಹೆಂಡತಿಯ ಹೆಸರು ಹೇಳಿ ಒಳಗೆ ಬನ್ನಿ ಎಂದಾಗ, ಈ ಮಹಾರಾಯರು ಪ್ರಾಸ ಸಿಗದೆ ಬೆವತು ಹಿತ್ತಲಿನಿಂದ ನುಸುಳಿದ್ದರು. ಅಂದಿನಿಂದ ನಾನು ಬರೀ "ಏ, ಕೇಳಿಲ್ಲಿ". ಶಾಂಭವಿ ಎಂಬುದು ಆ ಬಾಯಲ್ಲಿ ಬಂದೇ ಇಲ್ಲ. ಆಯೇಶಾ ಎಂಬುದು ಮಾತ್ರ ಸಲೀಸು.

ಆಪರೇಶನ್ನಿನ ಮರುದಿನ ಮೇಡಂ ವಾರ್ಡಿಗೆ ಬಂದರು. ನಮ್ಮವರು ವಾಕರ್ ಹಿಡಿದು ನಾಲ್ಕು ಹೆಜ್ಜೆ ಹಾಕಿ ಆಕೆಯತ್ತ ನೋಡಿ ನಕ್ಕರು. ನಾನು ಕಿತ್ತಳೆ ಸುಲಿಯುತ್ತಿದ್ದೆ. ಸಿಪ್ಪೆಯ ಜೊತೆ ತೊಳೆಯೂ ಹರಿಯಿತು.

"ಶಾಂಭವಿ ಅಂದ್ರ ನೀವ ಏನ್ರಿ?" ಮೇಡಂ ಕೇಳಿದರು.

ಹೌದೆಂದೆ. ಸೊಂಟದ ಕೆಳಗಷ್ಟೇ ಮರಗಟ್ಟಿಸಿದ್ದರಿಂದ ಇವರು ಎಚ್ಚರವಾಗಿಯೇ ಇದ್ದರಂತೆ. ಹೆದರಿಕೆ ಹೋಗಲಿ, ಏನಾದರೂ ಮಾತಾಡಿ ಎಂದರೆ ಒಡಪು ಕಟ್ಟತೊಡಗಿದರಂತೆ. ಪ್ರಾಸ ಕೂಡುವಷ್ಟರಲ್ಲಿ ಆಪರೇಶನ್ನೇ ಮುಗಿದಿತ್ತಂತೆ. ಈಗ ಥಿಯೇಟರಿನವರಿಗೆಲ್ಲ ಅದು ಬಾಯಿಪಾಠ ಎಂದು ನಗುತ್ತ ಮೇಡಂ ಹೊರಟುಹೋದರು.

ನಾನು ಎದ್ದು ವಾಕರಿಗೆ ಅಡ್ಡ ನಿಂತೆ.

"ಹೆಸರು ಹೇಳಿ ಮುಂದ ಹೋಗ್ರಿ."

ಅವರ ಕಿವಿ ಕೆಂಪಾಯಿತು. ನೆಲ ನೋಡಿದರು, ಕಿಟಕಿ ನೋಡಿದರು, ಕಡೆಗೆ ನನ್ನನ್ನು ನೋಡಿದರು.

"ದುರ್ಬೀನಿಗೆ ಕಾಣೂದು ಟೊಂಕದ ಎಲುಬು,
ಶಾಂಭವಿಗಷ್ಟ ಗೊತ್ತು ನನ್ನ ಒಲವು."

ನನ್ನ ಕಣ್ಣು ತುಂಬಿತು. ದಾರಿ ಬಿಟ್ಟೆ, ಅವರು ಮುಂದೆ ಹೋಗಲಿಲ್ಲ. ಆದರೂ ಹೊಟ್ಟೆಕಿಚ್ಚು ಪೂರ್ತಿ ಆರಲಿಲ್ಲ. ಆ ಬಾಯಲ್ಲಿ ನನ್ನ ಹೆಸರನ್ನು ನನಗಿಂತ ಮೊದಲು ಕೇಳಿದವಳು ಆ ಗುಳಿಕೆನ್ನೆಯವಳೇ ಅಲ್ಲವೇ?

"ಇನ್ನೊಂದು ಕಟ್ರಿ" ಎಂದೆ. "ಇದು ಎಲ್ಲಾರೂ ಕೇಳಿದ್ದು."